ಅಂಚಿನಲ್ಲಿ ಹೆಸರಿಲ್ಲದ ಪದಕ

ಊರಿನಿಂದ
೨೧ ನವೆಂಬರ್ ೨೦೨೫, ಶುಕ್ರವಾರ

ನಯನಾ,

ಕ್ಷೇಮವೇ ಎಂದು ಕೇಳುವುದಿಲ್ಲ. ಭಾನುವಾರ ನಿಮ್ಮ ಕಾರು ಮೈಸೂರಿಗೆ ಹೊರಟಾಗ ಕಿಟಕಿಯಲ್ಲಿ ನಿನ್ನ ಮುಖ ಕಂಡಿತು. ಚೆನ್ನಾಗಿದ್ದೀಯ. ಆಮೇಲೆ ನಿನ್ನ ಮೆಸೇಜೂ ಬಂತು, "ಯಾಕೇ ಫಂಕ್ಷನ್‌ಗೆ ಬರ್ಲಿಲ್ಲ?" ಎಂದು. ಉತ್ತರ ಫೋನಿನಲ್ಲಿ ಬರೆಯಬಹುದಿತ್ತು. ಆದರೆ ನೀನು ಅದರ ಕೆಳಗೆ ಒಂದು ಅಳುಮುಖದ ಗೊಂಬೆ ಒತ್ತಿ ಮುಗಿಸುತ್ತೀಯ. ಎದುರಿಗೆ ನಿಂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಮಂಡ್ಯದ ಕಾಲೇಜಿನಲ್ಲಿ ಐದು ವರ್ಷ ಒಂದೇ ಬೆಂಚಿನಲ್ಲಿ ಕೂತವಳು ನೀನು, ನಿನಗೆ ಗೊತ್ತಿರುವುದೇ. ಅದಕ್ಕೇ ಈ ಕಾಗದ.

ನಿಮ್ಮಪ್ಪ ಕಟ್ಟಿಸಿದ 'ವೀರಯೋಧ ಚಿಕ್ಕಬೋರಯ್ಯ ಸಭಾಭವನ' ಚೆನ್ನಾಗಿದೆ. ಬಾಗಿಲಿನ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಮೂರು ಪದಕಗಳಿವೆ. ಎರಡು ಬ್ರಿಟಿಷರು ತಮ್ಮ ಸಿಪಾಯಿಗೆ ಕೊಟ್ಟವು, ಮೂರನೆಯದು ಸರ್ಬಿಯಾ ದೇಶದ ರಾಜನದು. "ಬ್ರಿಟಿಷ್ ಸೈನ್ಯದಲ್ಲಿದ್ದ ನಮ್ಮೂರಿನ ಮಗನಿಗೆ ಇನ್ನೊಂದು ದೇಶದ ರಾಜ ಪದಕ ಕೊಡಬೇಕಾದರೆ ಅದೇನು ಸಾಮಾನ್ಯವೇ?" ಎಂದು ನಿಮ್ಮ ಚಿಕ್ಕಪ್ಪ ಜಯಪ್ರಕಾಶ್ ಮೈಕಿನಲ್ಲಿ ಹೇಳಿದ್ದು ನಮ್ಮ ಬೀದಿಯವರೆಗೂ ಕೇಳಿಸಿತು. ನಾನು ಪಾತ್ರೆ ತೊಳೆಯುತ್ತಿದ್ದೆ.

ಆ ಮೂರನೆಯದು ಹೋದದ್ದು ನಮ್ಮ ಮನೆಯಿಂದ. ಅದು ಬೇರೆ ಯಾರಿಗೆ ಮರೆತರೂ ನಿನಗೆ ಮರೆಯಬಾರದು.

ಎರಡು ವರ್ಷದ ಹಿಂದೆ ಸಂಕ್ರಾಂತಿಗೆ ನೀನು ಎಳ್ಳು ಬೀರಲು ನಮ್ಮ ಮನೆಗೆ ಬಂದೆ. ನಿಮ್ಮ ಬೀದಿಯಿಂದ ಬಂದು, ಒಳಗೆ ಕೂತು, ನಮ್ಮ ಲೋಟದಲ್ಲಿ ಕಾಫಿ ಕುಡಿದ ಮೊದಲ ಹುಡುಗಿ. ಅಜ್ಜಿ ಆ ಸಂತೋಷಕ್ಕೇ ಟ್ರಂಕು ತೆಗೆದಳು. ಯಾರಿಗೂ ತೋರಿಸದಿದ್ದ ಪದಕವನ್ನು ನಿನ್ನ ಅಂಗೈಯಲ್ಲಿಟ್ಟು ಕಥೆ ಹೇಳಿದಳು. ಮೊದಲನೇ ಮಹಾಯುದ್ಧದ ಕಾಲದಲ್ಲಿ ದೊಡ್ಡ ಮನೆಗಳಿಂದ ಒಬ್ಬೊಬ್ಬ ಗಂಡಸು ಸೈನ್ಯಕ್ಕೆ ಹೋಗಬೇಕೆಂದು ಊರಿಗೆ ಹೇಳಿಕೆ ಬಂತು. ನಿನ್ನ ಮುತ್ತಾತ ಚಿಕ್ಕಬೋರಯ್ಯ ಆಗತಾನೇ ಮದುವೆಯಾಗಿದ್ದ ಒಬ್ಬನೇ ಮಗ. ಅವರ ಅಪ್ಪ ತಮ್ಮಲ್ಲಿ ಜೀತಕ್ಕಿದ್ದ ನನ್ನ ಮುತ್ತಾತ ಕರಿಯಯ್ಯನಿಗೆ ಮಗನ ಹೆಸರನ್ನು ಬಾಯಿಪಾಠ ಮಾಡಿಸಿ ಕಳಿಸಿಕೊಟ್ಟರು.

ನಾಲ್ಕು ವರ್ಷ ಕರಿಯಯ್ಯ ಚಿಕ್ಕಬೋರಯ್ಯನಾಗಿ ಬದುಕಿದ. ಆ ಹೆಸರಿಗೇ ಓಗೊಟ್ಟ, ಆ ಹೆಸರಿನಲ್ಲೇ ಕುದುರೆ ಹತ್ತಿದ, ಗಾಯಗೊಂಡ. ಆ ಹೆಸರಿನಿಂದಾಗಿಯೇ ಗೌಡರ ಹುಡುಗರ ಜೊತೆ ಒಂದೇ ಸಾಲಿನಲ್ಲಿ ಕೂತು ಉಂಡ. "ನಮ್ಮಾವ ಯುದ್ದದ್ ಮಾತೇ ಆಡ್ತಿರ್ಲಿಲ್ಲ ಕಣವ್ವ. ಊಟದ್ ಮಾತೇ ಆಡೋದು. ಯಾರ್ ಪಕ್ಕ ಕೂತಿದ್ದೆ, ಯಾರು ಬಡುಸುದ್ರು, ಅದೇಯ" ಎಂದು ಅಜ್ಜಿ ನಕ್ಕಿದ್ದಳು. ನೀನೂ ನಕ್ಕಿದ್ದೆ.

ಊರಿಗೆ ಮರಳಿದ ದಿನ ಅವನು ನಿಮ್ಮ ಅಂಗಳದ ಆಚೆಯೇ ನಿಂತು ಆ ಹೆಸರನ್ನು ವಾಪಸು ಕೊಟ್ಟ. ಬ್ರಿಟಿಷರ ಪದಕಗಳ ಅಂಚಿನಲ್ಲಿ ಸಿಪಾಯಿಯ ಹೆಸರು ಕೆತ್ತಿರುತ್ತದೆ. ನಿಮ್ಮವರು ಅವೆರಡನ್ನೂ ಇಟ್ಟುಕೊಂಡರು. ಸರ್ಬಿಯಾದ್ದನ್ನು ತಿರುಗಿಸಿ ನೋಡಿದರೆ ಅಂಚು ಬರಿದಾಗಿತ್ತು. ಹೆಸರಿಲ್ಲದ್ದು ನಮಗ್ಯಾಕೆ ಎಂದು ಅವನ ಕಡೆಗೆ ಎಸೆದರು. ಹಾಗೆ ಅದು ನಮ್ಮದಾಯಿತು.

ಅವನು ದೊಡ್ಡ ಶೂರನೆಂದು ನಾನು ವಾದಿಸುತ್ತಿಲ್ಲ. ಈಗ ಒಂದಿಷ್ಟು ಓದಿಕೊಂಡಿದ್ದೇನೆ. ಮಿತ್ರ ರಾಷ್ಟ್ರಗಳ ರಾಜರು ಒಬ್ಬರ ಸೈನ್ಯಕ್ಕೆ ಇನ್ನೊಬ್ಬರು ಪದಕಗಳನ್ನು ಕಟ್ಟುಕಟ್ಟಾಗಿ ಕಳಿಸಿಕೊಡುತ್ತಿದ್ದರಂತೆ, ಅಧಿಕಾರಿಗಳು ಅವನ್ನು ಹಂಚುತ್ತಿದ್ದರಂತೆ. ಸರ್ಬಿಯಾದ ರಾಜನಿಗೆ ನಮ್ಮೂರೂ ಗೊತ್ತಿರಲಿಲ್ಲ, ನಮ್ಮ ಬೀದಿಯೂ ಗೊತ್ತಿರಲಿಲ್ಲ. ಸಾಲಿನಲ್ಲಿ ಹತ್ತಿರ ನಿಂತಿದ್ದನೆಂದೇ ಕೊಟ್ಟಿರಬಹುದು. ಆದರೂ ಅವನ ಎದೆಗೇ ಚುಚ್ಚಿದರಲ್ಲ. ನಿನ್ನ ಮುತ್ತಾತ ಆ ಹೊತ್ತಿನಲ್ಲಿ ಇಲ್ಲಿ ಕಬ್ಬಿಗೆ ನೀರು ಕಟ್ಟುತ್ತಿದ್ದರು.

ನೀನು ಮನೆಗೆ ಹೋಗಿ ನಿಮ್ಮಪ್ಪನಿಗೆ ಹೇಳಿದೆ. ಅದನ್ನು ನಾನು ತಪ್ಪೆನ್ನಲಾರೆ, ಖುಷಿಗೆ ಹೇಳಿರುತ್ತೀಯ. ಸಭಾಭವನ ಮುಗಿಯುತ್ತಾ ಬಂದಾಗ, ಕಳೆದ ತಿಂಗಳು, ನಿಮ್ಮಪ್ಪ ಚಲುವರಾಜು ಗೌಡರು ನಮ್ಮ ಮನೆಯ ಮುಂದೆ ಕಾರು ನಿಲ್ಲಿಸಿದರು. ಒಳಗೆ ಬರಲಿಲ್ಲ. ಅಪ್ಪ ಕುರ್ಚಿ ತಂದು ಹೊರಗೆ ಹಾಕಿದ. ನಾನು ಕಾಫಿ ಕೊಟ್ಟೆ. "ಸುಗರ್ ಅದೆ ಕಣಮ್ಮ" ಎಂದು ಲೋಟವನ್ನು ಕುರ್ಚಿಯ ಕೆಳಗಿಟ್ಟರು. ಸಕ್ಕರೆ ಹಾಕಿಲ್ಲ ಎಂದು ಹೇಳಬೇಕೆಂದುಕೊಂಡೆ, ಬಾಗಿಲ ಹಿಂದೆ ಸರಿದು ನಿಂತೆ.

"ಏನ್ಲಾ ಸಿದ್ದರಾಮು, ನಮ್ ತಾತುಂದು ಒಂದು ಪದಕ ನಿಮ್ಮಟ್ಟೀಲಿ ಸೇರ್ಕೊಂಡದಂತೆ?" ಎಂದರು.

ಅಪ್ಪ, "ನಮ್ ತಾತುಂದು ಗೌಡ್ರೇ" ಎಂದ. ಅಷ್ಟು ಹೇಳಲಿಕ್ಕೇ ಅವನ ಕುತ್ತಿಗೆಯ ನರ ಉಬ್ಬಿತ್ತು.

"ಎಲ್ಲದೆ ಅವುನ್ ಎಸ್ರು? ತೋರ್ಸು. ಎಸ್ರಿರೋವು ಎಲ್ಡೂ ನಮ್ಮಟ್ಟೀಲವೆ. ಅವೆಲ್ಡ್ನೂ ತಂದೋನೇ ಇದ್ನೂ ತಂದಿರೋದು."

ಅಜ್ಜಿ ಜಗಲಿಯಿಂದಲೇ, "ಎಸ್ರಿಲ್ಲ ಅಂತ ಬಿಸಾಕಿದ್ದು ನಿಮ್ಮೋರೇ ಕಣಪ್ಪ ಚಲುವಪ್ಪ. ಈಗ ಎಸ್ರಿಲ್ದಿದ್ಕೇ ನಿಮ್ದಾಯ್ತಾ? ಎಸ್ರು ಮನೇಲಿ ಮಲ್ಗಿತ್ತು, ಮೈ ಓಗಿದ್ದು ನಮ್ದು" ಎಂದಳು.

ನಿಮ್ಮಪ್ಪ ಕೋಪ ಮಾಡಿಕೊಳ್ಳಲಿಲ್ಲ. "ಚಿಕ್ಕನಂಜಮ್ಮುಂಗೆ ಇನ್ನೂ ಬಾಯಿ ಜೋರಾಗೇ ಅದೆ" ಎಂದು ನಕ್ಕು ಎದ್ದರು. ಕಾರಿನ ಬಾಗಿಲು ತೆಗೆಯುತ್ತಾ ಅಪ್ಪನಿಗೆ ಮೆಲ್ಲಗೆ, "ಗೆಜ್ಜಲಗೆರೇಲಿ ಕೆಲ್ಸ ಎಂಗ್ ನಡೀತಾ ಅದ್ಲಾ? ನಮ್ ರವಿಚಂದ್ರ ಚೆನ್ನಾಗ್ ನೋಡ್ಕತಾವ್ನ?" ಎಂದರು. ರವಿಚಂದ್ರ ನಿನ್ನ ಸೋದರಮಾವ, ಅಲ್ಲಿನ ಕಾರ್ಖಾನೆಗೆ ಆಳು ಒದಗಿಸುವ ಕಂಟ್ರಾಕ್ಟರು. ಅಪ್ಪ ಅಲ್ಲಿ ಬಿಡಿಭಾಗಗಳ ಮೇಲೆ ನಂಬರು ಕೆತ್ತುವ ಕೆಲಸ ಮಾಡುತ್ತಾನೆ. ಅಷ್ಟು ಸಾಕಾಯಿತು.

ಪದಕ ಕೊಡಬೇಕಾದ ದಿನದ ಹಿಂದಿನ ಸಂಜೆ ಅಪ್ಪ ಅದನ್ನು ಜೇಬಿನಲ್ಲಿಟ್ಟುಕೊಂಡು ಕಾರ್ಖಾನೆಗೆ ಹೋದ. ಬಂದಾಗ ಅದರ ಅಂಚಿನಲ್ಲಿ 'ಕರಿಯಯ್ಯ' ಎಂದಿತ್ತು. ಸಣ್ಣ ಅಕ್ಷರ, ಎಷ್ಟು ನೇರ! ಅಪ್ಪ ಅಜ್ಜಿಯ ಬೆರಳು ಹಿಡಿದು ಒಂದೊಂದೇ ಅಕ್ಷರದ ಮೇಲೆ ಸವರಿಸಿದ. "ಕೊಡೋದಂತೂ ಕೊಡ್ಬೇಕು. ಯಾರ್ದು ಅಂತ ಗೊತ್ತಿದ್ದೇ ಇಟ್ಕಳ್ಳಿ" ಎಂದ. ಅಪ್ಪ ಒಬ್ಬರಿಗೆ ತಿರುಗಿ ಬಿದ್ದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆ ಸಂತೋಷ ತಡೆಯಲಾರದೆ ನಾನು ಫೋನು ಮಾಡಿ ಹೇಳಿದ್ದು ನಿನಗೊಬ್ಬಳಿಗೇ, ನಯನಾ. ನೀನು, "ಸೂಪರ್ ಕಣೇ, ಅಂಕಲ್ ಗ್ರೇಟ್" ಎಂದೆ.

ಮರುದಿನ ನಿಮ್ಮಪ್ಪ ಪದಕ ತೆಗೆದುಕೊಂಡವರೇ ಮುಂಬದಿ ನೋಡಲಿಲ್ಲ, ಹಿಂಬದಿ ನೋಡಲಿಲ್ಲ, ಕನ್ನಡಕ ಹಾಕಿಕೊಂಡು ನೇರ ಅಂಚು ನೋಡಿದರಂತೆ. ಆಮೇಲೆ, "ಕೆತ್ತಿರೋ ಕೈಲೇ ಉಜ್ಲಾ" ಎಂದರಂತೆ. ನಿಮ್ಮ ಜಗಲಿಯ ಕೆಳಗೆ ಕೂತು ಅಪ್ಪ ಅರದಿಂದ ತನ್ನ ತಾತನ ಹೆಸರನ್ನು ಉಜ್ಜಿ ತೆಗೆದ. ಪುಡಿ ಅಂಗಳಕ್ಕೆ ಬೀಳದಿರಲೆಂದು ನಿಮ್ಮಮ್ಮ ಹೊಂಬಾಳಮ್ಮ ಹಳೆ ಪೇಪರು ಹಾಸಿದರು. ಇದನ್ನೆಲ್ಲ ಅಪ್ಪ ನನಗೊಬ್ಬಳಿಗೆ ಹೇಳಿದ, ಅದೂ ಕೈ ತೊಳೆಯುತ್ತಾ, ಮುಖ ಆ ಕಡೆಗೆ ತಿರುಗಿಸಿಕೊಂಡು. ಉಗುರಿನ ಸಂದಿಯಲ್ಲಿ ಪುಡಿ ಹೊಳೆಯುತ್ತಿತ್ತು.

ನೀನು ಯಾಕೆ ಹೇಳಿದೆ ಎಂದು ಎಷ್ಟೋ ರೀತಿಯಲ್ಲಿ ಯೋಚಿಸಿದೆ. ನಿಮ್ಮಪ್ಪನ ಮರ್ಯಾದೆ ಜನರ ಮುಂದೆ ಹೋಗಬಾರದೆಂದು ಹೇಳಿರುತ್ತೀಯ. ಮಗಳಾಗಿ ಅದು ಸರಿಯೇ ಇರಬಹುದು. ಆದರೆ ನನಗೂ ಒಬ್ಬ ಅಪ್ಪ ಇದ್ದಾನೆ.

ಭಾನುವಾರ ಅವನನ್ನು ವೇದಿಕೆಗೆ ಕರೆದು, "ಪದಕವನ್ನು ಇಷ್ಟು ವರ್ಷ ಜೋಪಾನ ಮಾಡಿದ ನಿಯತ್ತಿನ ಮನೆಯವರು" ಎಂದು ಶಾಲು ಹೊದಿಸಿದರಂತೆ. ಊಟಕ್ಕೆ ನೂರು ಎಲೆ ಹಾಕಿದ್ದರು. ಅಪ್ಪನಿಗೆ, "ಅಟ್ಟೀಲಿ ಎಲ್ರೂ ಉಣ್ಲಿ, ತಕ್ಕೋಗ್ಲಾ" ಎಂದು ಪಾರ್ಸಲ್ ಕಟ್ಟಿಕೊಟ್ಟರು. ಆ ಶಾಲು ಮೊಳೆಗೆ ನೇತಾಡುತ್ತಿದೆ. ಊಟವನ್ನು ನಾನು ಬಿಚ್ಚಲಿಲ್ಲ.

ನಾನು ಬರದಿದ್ದುದಕ್ಕೆ ಕಾರಣ ಇಷ್ಟೇ. ಇನ್ನು ಮುಂದೆ ನಮ್ಮ ಮನೆಗೆ ಬರಬೇಡ ಎಂದು ಬರೆಯಲು ಕೂತವಳು, ಹಾಗೆ ಬರೆಯಲಾಗುತ್ತಿಲ್ಲ. ಯಾಕೆಂದು ಕೆಳಗಿದೆ.

ಇಂತಿ,
ಕರಿಯಯ್ಯನ ಮರಿಮಗಳು
ಪುಷ್ಪಾ

ತಾ.ಕ.: ಹೆಸರು ಉಜ್ಜಿದ್ದನ್ನು ಅಪ್ಪ ಅಜ್ಜಿಗೆ ಹೇಳಿಲ್ಲ. ಅವಳು ದಿನಾ ಸಂಜೆ ಸಭಾಭವನದ ಬಾಗಿಲವರೆಗೆ ಹೋಗಿ ನಿಂತು, "ಆ ಕೊನೇದ್ರ ಅಂಚ್ನಲ್ಲಿ ನಮ್ಮಾವುನ್ ಎಸ್ರದೆ" ಎಂದು ಹೋಗಿಬರುವವರಿಗೆಲ್ಲ ಹೇಳುತ್ತಾಳೆ. ಅವರು ನಗುತ್ತಾರೆ. ನಾನು ಓದಿ ಹೇಳಿದರೆ ಮನೆಯವಳೆಂದು ಯಾರೂ ನಂಬುವುದಿಲ್ಲವಂತೆ. "ನಯನವ್ವ ಬರ್ಲಿ. ಗೌಡ್ರ ಮಗ್ಳ ಕೈಲೇ ಪೆಟ್ಗೆ ತೆಗ್ಸಿ, ಊರ್ ಮುಂದೆ ಓದುಸ್ತೀನಿ" ಎಂದು ಕಾದಿದ್ದಾಳೆ. ಅವಳಿಗೆ ಓದು ಬರುವುದಿಲ್ಲ, ನಯನಾ. ನೀನು ಏನು ಓದಿದರೂ ಅದನ್ನೇ ನಂಬುತ್ತಾಳೆ.