ಬೆರಳು ತೆಗೆದ ಮೇಲೆ ತಿರುಗುವ ಚಕ್ರ

ಕ್ರಿಸ್ತಶಕ ೨೧೯೧, ಹದಿಮೂರನೆಯ ತಿಂಗಳ ಆರನೆಯ ದಿನ
ಸುರಪುರದ ಕ್ಯಾಂಪು

ನೂರೈವತ್ತು ವರ್ಷಕ್ಕೂ ಹಿಂದೆ ಕುಳಿತಿರುವ ಮಹಾಜನಗಳಿಗೆ, ಶ್ರೀ ಹೊಳೆಯಮ್ಮ ನಾಟ್ಯ ಸಂಘದ ಮಾಲೀಕನೂ ಮುಖ್ಯ ಪಾತ್ರಧಾರಿಯೂ ಆದ ಈರಸಂಗಪ್ಪ ಬಂಡರಗಲ್ಲನ ನಮಸ್ಕಾರ. ಹದಿಮೂರನೆಯ ತಿಂಗಳು ಎಲ್ಲಿಂದ ಬಂತೆಂದು ಹುಬ್ಬೇರಿಸಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಇಪ್ಪತ್ತೆಂಟೇ ದಿನ. ಉಳಿದ ದಿನಗಳನ್ನು ಗುಡ್ಡೆ ಹಾಕಿ ಇನ್ನೊಂದು ತಿಂಗಳು ಮಾಡಿಕೊಂಡಿದ್ದೇವೆ. ಈ ಪತ್ರ ಹಿಂದಕ್ಕೆ ಹೇಗೆ ನಡೆದು ಬಂತೆಂದೂ ಕೇಳಬೇಡಿ. ಕಾಡಿನ ಪರದೆ ಮೇಲೇರಿದ ಕೂಡಲೇ ಅರಮನೆ ಕಾಣಿಸಿದರೆ ನೀವು ನಂಬುವುದಿಲ್ಲವೇ? ಅಷ್ಟು ನಂಬಿಕೆ ಇದರ ಮೇಲೂ ಇರಲಿ. ನಿಮಗೆ ಗೊತ್ತಿಲ್ಲದ ಒಂದೆರಡು ಪದ ನುಸುಳಿದರೆ ಕ್ಷಮೆಯಿರಲಿ, ಬಂದಲ್ಲೇ ಅರ್ಥ ಹೇಳುತ್ತೇನೆ. ದನಿ ಸ್ವಲ್ಪ ಜೋರೆನಿಸಿದರೂ ಕ್ಷಮಿಸಿ. ಕಟ್ಟಕಡೆಯ ಸಾಲಿನವನಿಗೂ ಕೇಳಿಸಬೇಕೆಂದು ಏಳನೆಯ ವಯಸ್ಸಿನಿಂದ ಪಳಗಿಸಿದ ಗಂಟಲು ಇದು.

ನಮ್ಮ ಕಾಲದಲ್ಲಿ ಕೈಯಲ್ಲಿ ಹಿಡಿಯುವ ಫೋನಿಲ್ಲ. ಮಗುವಿಗೆ ಐದು ತುಂಬಿದಾಗ ಕಿವಿಗೆ ಕಿವಿಬೀಜ ಸಿಕ್ಕಿಸುತ್ತಾರೆ. ಜೋಳದ ಕಾಳಿನಷ್ಟು ದೊಡ್ಡದು. ಹೆಸರು ನೆನೆದರೆ ಸಾಕು, ಆ ಮನುಷ್ಯ ಮಾತಿಗೆ ಸಿಗುತ್ತಾನೆ. ಅದರೊಳಗೆ ನಯಗಾರ ಎಂಬುದೊಂದು ಕುಳಿತಿದೆ. ನೀವಾಡಿದ ಮಾತನ್ನು ಆಚೆಯವರಿಗೆ ಮುಟ್ಟಿಸುವ ಮೊದಲು ಅದು ತೊಳೆದು ಒರೆಸುತ್ತದೆ. ಕೆಮ್ಮು ತೆಗೆಯುತ್ತದೆ, ಬಿಕ್ಕು ತೆಗೆಯುತ್ತದೆ, ಸಿಟ್ಟಿನ ಮೊನೆಯನ್ನು ಉಜ್ಜಿ ಮೊಂಡು ಮಾಡುತ್ತದೆ. ತಡವರಿಸಿದರೆ ತಾನೇ ಪದ ತುಂಬುತ್ತದೆ. ಮೂರು ಉಸಿರಿನಷ್ಟು ಹೊತ್ತು ಮಾತೇ ಬರದಿದ್ದರೆ ಕರೆಯನ್ನು ಕಡಿದುಹಾಕುತ್ತದೆ. ಎದುರುಬದುರು ಕೂತವರೂ ಬೀಜದಲ್ಲೇ ಮಾತಾಡುವುದರಿಂದ, ಗಂಡ ಹೆಂಡತಿ ಜಗಳವಾಡಿದರೂ ಬೀಗರು ಊಟಕ್ಕೆ ಕರೆದ ಹಾಗೆ ಕೇಳಿಸುವ ಕಾಲ ನಮ್ಮದು. ಅದಕ್ಕೇ ನಮ್ಮ ನಾಟಕಕ್ಕೆ ಬರುವವರು ಬಾಗಿಲಲ್ಲಿ ಬೀಜ ಬಿಚ್ಚಿ ಉಳ್ಳಾಗಡ್ಡಿ ಬುಟ್ಟಿಗೆ ಹಾಕಿ ಒಳಗೆ ಬರಬೇಕೆಂಬ ಕಟ್ಟಳೆ ಇದೆ. ಮೊದಲ ಹತ್ತು ನಿಮಿಷ ಅಂಗೈಯಿಂದ ಕಿವಿ ಒತ್ತಿ ಕೂರುತ್ತಾರೆ. ಆಮೇಲೆ ಏಳು ಎಂದರೂ ಏಳುವುದಿಲ್ಲ.

ನಮ್ಮ ಸಂಘದ ಹೆಸರಾಂತ ದೃಶ್ಯವೆಂದರೆ ಟೆಲಿಫೋನಿನ ದೃಶ್ಯ. ರಂಗದ ಎಡಕ್ಕೊಂದು, ಬಲಕ್ಕೊಂದು ಕಪ್ಪು ಫೋನು. ಹೊಟ್ಟೆಯ ಮೇಲೆ ಹತ್ತು ತೂತಿನ ಚಕ್ರ. ನಿಮ್ಮ ಅಜ್ಜಂದಿರ ಮನೆಯಲ್ಲಿ ಇದ್ದಿರಬಹುದಾದ ಅವೇ ಫೋನುಗಳು. ಒಂದು ತುದಿಯಲ್ಲಿ ನಾನು, ಇನ್ನೊಂದು ತುದಿಯಲ್ಲಿ ನನ್ನ ತಂಗಿ ನೀಲಗಂಗಾ. ಇಪ್ಪತ್ತೆರಡು ವರ್ಷ ನಾವಿಬ್ಬರೂ ತಂತಿ ಎಲ್ಲಿಗೂ ಮುಟ್ಟದ ಆ ಫೋನುಗಳಲ್ಲಿ ಅತ್ತು, ನಕ್ಕು, ಜನರನ್ನು ಅಳಿಸಿದೆವು. ರಂಗದ ಮೇಲೆ ಚಕ್ರ ತಿರುಗಿಸುವುದಕ್ಕೆ ನಮ್ಮದೇ ರೀತಿ ಇದೆ: ಯಾವ ತೂತಾದರೂ ಸರಿ, ಬೆರಳಿಟ್ಟು ಸರ್ರನೆ ಎಳೆದು, ಬೆರಳು ತೆಗೆಯದೆ ಹಿಂದಕ್ಕೆ ನೂಕಿಬಿಡಬೇಕು. ಚಕ್ರ ತಾನಾಗಿ ಮರಳಲಿ ಎಂದು ಕಾದರೆ ಆಟ ತಣ್ಣಗಾಗುತ್ತದೆ, ಹಿಂದಿನವರು ಸೀಟಿ ಹೊಡೆಯುತ್ತಾರೆ. ನನಗೆ ನನ್ನಪ್ಪ ಕಲಿಸಿದ್ದು ಹಾಗೆ.

ನಾಲ್ಕು ವರ್ಷದ ಹಿಂದೆ ಮಹಾಲಿಂಗಪುರದ ಕ್ಯಾಂಪಿನಲ್ಲಿ, ಅದೇ ದೃಶ್ಯದ ನಡುವೆ ನೀಲಗಂಗಾಳ ದನಿ ಒಡೆಯಿತು. ಮೇಲಿನ ಸ್ವರಕ್ಕೆ ಹೋದವಳು ಬಿರುಕು ಬಿಟ್ಟು ಕೆಳಗಿಳಿದಳು. ನಾನು ಪಾತ್ರ ಬಿಡದೆ, ಆರುನೂರು ಜನರೆದುರು, ನಗೆ ಬರಲೆಂದು ಒಂದು ಮಾತು ಸೇರಿಸಿದೆ: "ಈ ತಗಡಿನ ಡಬ್ಬಿ ಯಾರ ಮನೀದೋ? ಒಯ್ದು ಗುಜರಿಗೆ ಹಾಕ್ರಿ." ಜನ ಬಿದ್ದು ಬಿದ್ದು ನಕ್ಕರು. ಮರುದಿನ ಬೆಳಿಗ್ಗೆ ಅವಳು ತನ್ನ ಪಾಲಿನ ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡು ಗುಳೇದಗುಡ್ಡಕ್ಕೆ ಹೋದಳು. ಅಲ್ಲಿ ಖಣದ ಕುಪ್ಪಸ ಹೊಲಿಯುತ್ತಾ ಒಬ್ಬಳೇ ಇದ್ದಳು. ಹೊಸ್ತಿಲು ತುಳಿಯಬೇಡ ಎಂದು ನನಗೆ ಹೇಳಿ ಕಳಿಸಿದ್ದಳು.

ಈ ವರ್ಷದ ಎಂಟನೆಯ ತಿಂಗಳಲ್ಲಿ ಸುದ್ದಿ ಬಂತು. ಅವಳ ಗಂಟಲಲ್ಲಿ ಗಂಟು; ಮರುದಿನವೇ ಶಸ್ತ್ರಕ್ರಿಯೆ. ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಸಂಜೆ ನಾಲ್ಕಕ್ಕೆ ಅವಳನ್ನು ಆಸ್ಪತ್ರೆಗೆ ಒಯ್ಯುವ ಗಾಡಿ. ಕೃಷ್ಣೆ ಸೇತುವೆಯ ಮೇಲೆ ಹರಿದು ಒಂಬತ್ತು ದಿನವಾಗಿತ್ತು, ನಾನು ಈ ದಡದಲ್ಲಿ. ಕಿವಿಬೀಜದಲ್ಲಿ ಅದಾಗಲೇ ಹನ್ನೆರಡು ಸಲ ತಪ್ಪಾಯಿತು ಎಂದಿದ್ದೆ. ಅವಳು ನಮ್ಮ ಸಂಘದ ಲೈಟಿನವನಾದ ಖಾಜೇಸಾಬ ನದಾಫನಿಗೆ ಹೇಳಿ ಕಳಿಸಿದ ಉತ್ತರ ಇಷ್ಟು: "ಹನ್ನೆರಡೂ ಸಲ ಹಾಲಿನಂಗ ಇತ್ತು. ಖರೇ ಗಂಟಲಲೆ ಅಂದ್ರ ಕೇಳ್ತೀನಿ. ನನ್ನ ಗಂಟಲಲೆ ಉತ್ತರ ಕೊಡಾಕ ಇವತ್ತೊಂದ ದಿನ ಐತಿ." ಬೀಜದಲ್ಲಿ ಬಂದ ಮಾತಾದ್ದರಿಂದ ದನಿ ಮೃದುವಾಗಿತ್ತಂತೆ. ಅರ್ಥ ಮೃದುವಾಗಿರಲಿಲ್ಲ.

ಮಹಾಜನಗಳೇ, ನೀವು ರಂಗಕ್ಕೆ ಬರುವುದು ಈಗ. ನಿಮ್ಮ ಕಾಲದಲ್ಲಿ ಅಂಗೈ ಅಗಲದ ಒಂದು ಪೆಟ್ಟಿಗೆ ಮಾಡಿದಿರಿ. ಹಳೆಯ ಫೋನಿನ ತಂತಿಯನ್ನು ಅದರ ಒಂದು ಕಿಂಡಿಗೆ, ಇಂಟರ್ನೆಟ್ಟಿನ ತಂತಿಯನ್ನು ಇನ್ನೊಂದಕ್ಕೆ ಸಿಕ್ಕಿಸಿದರೆ ಆಯಿತು. ಚಕ್ರ ಮರಳುವಾಗ ಬರುವ ಟಕ್ ಟಕ್ ಸದ್ದನ್ನು ಎಣಿಸಿ ಅಂಕಿ ಮಾಡಿ ಕಳಿಸುತ್ತದೆ. ಒಂದಕ್ಕೆ ಒಂದು ಟಕ್, ಸೊನ್ನೆಗೆ ಹತ್ತು. ನಾವದನ್ನು ಎಣಿಕೆಪೆಟ್ಟಿಗೆ ಎನ್ನುತ್ತೇವೆ. ಅದರಲ್ಲಿ ನಯಗಾರನಿಲ್ಲ, ನಿಮ್ಮ ಕಾಲಕ್ಕೆ ಅವನು ಹುಟ್ಟಿರಲಿಲ್ಲ. ಹೋದ ದನಿ ಹೋದ ಹಾಗೆಯೇ ತಲುಪುತ್ತದೆ. ಖಾಜೇಸಾಬನ ಮನೆತನ ಅಂಥ ಎರಡು ಪೆಟ್ಟಿಗೆಗಳನ್ನು ಒಳಗಿನ ಅರ್ಧ ಸಾಮಾನು ಬದಲಿಸಿ ಬದಲಿಸಿ ಬದುಕಿಸಿಟ್ಟಿತ್ತು. ಅಣ್ಣ ತಂಗಿ ಎಂದಾದರೂ ಮಾತಾಡಲಿ ಎಂದು ಒಂದನ್ನು ಪ್ರವಾಹಕ್ಕೆ ಮೊದಲೇ ಗುಳೇದಗುಡ್ಡಕ್ಕೆ ಹೋಗಿ ನೀಲಗಂಗಾಳ ಫೋನಿಗೆ ಹಚ್ಚಿ ಬಂದಿದ್ದ. ಇನ್ನೊಂದನ್ನು ನನ್ನ ಫೋನಿಗೆ ಹಚ್ಚಿ, ನಂಬರು ಬರೆದ ಚೀಟಿಯನ್ನು ನನ್ನ ಮುಂದಿಟ್ಟ. ಮೂರು ಗಂಟೆಯಾಗಿತ್ತು.

ನಾನು ಎದೆಯುಬ್ಬಿಸಿ ಚಕ್ರ ತಿರುಗಿಸಿದೆ. ಆಚೆ ಗಂಟೆ ಬಾರಿಸಿತು, ಯಾರೋ ಎತ್ತಿದರು. "ನೀಲಾ!" ಎಂದೆ. ಆಚೆಯಿಂದ ಗುರುತಿಲ್ಲದ ಹೆಂಗಸು, ಸಿಂಧನೂರಿನವಳಂತೆ. ಬೀಜದ ನಯವನ್ನೂ ಮೀರಿ ಹೆದರಿದ್ದಳು: "ಯಾಕ್ರೀ ಹಿಂಗ ಒದರ್ತೀರಿ? ಕೂಸು ಮಲಗೇತ್ರಿ." ಮತ್ತೆ ತಿರುಗಿಸಿದೆ. ಈ ಸಲ ಯಾವುದೋ ಹತ್ತಿ ಮಿಲ್ಲಿನ ಮುದುಕ. ನೀಲಗಂಗಾ ಇಲ್ಲಿಲ್ಲ ಎಂದವನು ಕರೆ ಇಡಲು ಬಿಡಲಿಲ್ಲ. "ತಮ್ಮಾ, ಇಡಬ್ಯಾಡ. ಇಂಥಾ ಖರೇ ದನಿ ಕೇಳಿ ನಲವತ್ತು ವರ್ಷ ಆತು. ಒಂಚೂರು ಬೈಯಪಾ ನನ್ನ." ಬೈಯಲು ನನಗೆ ಪುರುಸೊತ್ತಿರಲಿಲ್ಲ. ಮೂರನೆಯ ಸಲ, ನಾಲ್ಕನೆಯ ಸಲ ಪೆಟ್ಟಿಗೆ ಗುಂಯ್ ಎಂದು ಸುಮ್ಮನಾಯಿತು. ಮೂರೂವರೆ. ಪೆಟ್ಟಿಗೆ ಕೆಟ್ಟಿದೆ ಎಂದು ನಾನು ಖಾಜೇಸಾಬನ ಮೇಲೆ ಹರಿಹಾಯ್ದೆ.

ಅವನು ನನ್ನ ಕೈಯನ್ನೇ ನೋಡುತ್ತಿದ್ದ. "ಮಾಲಕ್ರ, ಅದೇನು ವೈರಿ ಕುತ್ತಿಗಿ ಅಲ್ರಿ, ಹಂಗ ತಿರುವಬ್ಯಾಡ್ರಿ. ಎಳದು ಬೆರಳು ತಗೀರಿ. ಅದು ತಾನ ಬರ್ತೈತಿ. ಬರೂ ಮುಂದ ಪೆಟಗಿ ಎಣಸತೈತಿ. ನೀವು ನೂಕಿದ್ರ ಅದಕ್ಕ ಲೆಕ್ಕ ಸಿಗಂಗಿಲ್ಲ."

"ಅಷ್ಟೊತ್ತು ಸುಮ್ಮನ ಕುಂದ್ರೂದೇನೋ? ಜನ ಸೀಟಿ ಹೊಡೀತಾರ."

"ಇಲ್ಲಿ ನಾ ಒಬ್ಬಾವನ ಅದೀನ್ರಿ. ನಾ ಹೊಡಿಯಂಗಿಲ್ಲ."

ಒಂಬತ್ತಕ್ಕೆ ಬೆರಳಿಟ್ಟು ಎಳೆದು ಬಿಟ್ಟೆ. ಚಕ್ರ ತನ್ನ ಪಾಡಿಗೆ ತಾನು, ತುಂಬು ಗರ್ಭಿಣಿಯ ಹಾಗೆ, ನಡೆದು ಬಂತು. ನಂಬರಿನಲ್ಲಿ ನಾಲ್ಕು ಸೊನ್ನೆಗಳಿದ್ದವು. ಐವತ್ತು ವರ್ಷ ರಂಗದ ಮೇಲೆ ಒಂದು ಗಳಿಗೆಯೂ ಖಾಲಿ ಬಿಡದ ನಾನು ಒಂದೊಂದು ಸೊನ್ನೆಗೂ ಹತ್ತು ಟಕ್ ಕೇಳುತ್ತಾ ಕೂತೆ. ಏನು ಹೇಳಬೇಕೆಂದು ಬಾಯಿಪಾಠ ಮಾಡಿಟ್ಟುಕೊಂಡದ್ದೆಲ್ಲ ಆ ಟಕ್ ಟಕ್‌ಗಳ ನಡುವೆ ಉದುರಿಹೋಯಿತು. ಎಂಟು ಸಲ ಗಂಟೆಯಾದ ಮೇಲೆ ಅವಳೇ ಎತ್ತಿದಳು. "ಯಾರು?" ಗರಗಸದ ದನಿ.

ಅಭ್ಯಾಸಬಲ ನೋಡಿ, ನಾನು ಶುರುಮಾಡಿಯೇ ಬಿಟ್ಟೆ: "ಸಹೋದರೀ, ಈ ಪಾಪಿಷ್ಠನನ್ನು..."

"ಅಣ್ಣಾ, ಡೈಲಾಗ್ ಹೊಡಿಬ್ಯಾಡ. ಇಲ್ಲಿ ಹಿಂದಿನ ಸಾಲಿನ್ಯಾಗ ಯಾರೂ ಕುಂತಿಲ್ಲ."

ಕೆಮ್ಮಿದೆ. "ನೀಲಾ, ಅವತ್ತ ನಿನಗ ನೋಯ್ತಿತ್ತು. ನನಗ ಕೇಳಸ್ತು. ಕೇಳಿಸಿದ್ರೂ ಜನ ನಗಲಿ ಅಂತ ಅಂದೆ. ತಪ್ಪಾತವ್ವಾ." ಕೊನೆಯ ಪದ ಪೂರ್ತಿ ಹೊರಬರಲಿಲ್ಲ. ಅದನ್ನು ತುಂಬಿಕೊಡಲು ಪೆಟ್ಟಿಗೆಯಲ್ಲಿ ಯಾರೂ ಇರಲಿಲ್ಲ. ಬಹಳ ಹೊತ್ತು ಅವಳ ಉಸಿರು, ಅವಳ ಓಣಿಯ ಕೈಮಗ್ಗದ ಸದ್ದು, ಅಷ್ಟೇ. ಆಮೇಲೆ ಹೇಳಿದಳು: "ನೀ ಅವತ್ತ ಅಂದದ್ದು ನಾ ಮರಿಯಂಗಿಲ್ಲ. ಈಗ ಅಂದದ್ದೂ ಮರಿಯಂಗಿಲ್ಲ. ಗಾಡಿ ಬಂತು, ಇಡ್ತೀನಿ."

ಅವಳ ದನಿಯನ್ನು ನಾನು ಕೇಳಿದ್ದು ಅದೇ ಕಡೆಯ ಸಲ. ಶಸ್ತ್ರಕ್ರಿಯೆ ಆಯಿತು, ಜೀವ ಉಳಿಯಿತು. ಇಪ್ಪತ್ತೊಂದನೆಯ ದಿನ ಸಂಜೆ ನನ್ನ ಫೋನಿನ ಗಂಟೆ ಹೊಡೆಯಿತು. ಎತ್ತಿದರೆ ಮಾತಿಲ್ಲ, ಬರೀ ಉಸಿರು. ಕಿವಿಬೀಜವಾಗಿದ್ದರೆ ಮೂರು ಉಸಿರಿಗೆ ಕಡಿಯುತ್ತಿತ್ತು. ಪೆಟ್ಟಿಗೆ ಅರ್ಧ ಗಂಟೆ ಹಿಡಿದುಕೊಂಡು ಕೂತಿತು. ಈಗ ದಿನಾಲೂ ಫೋನು ಮಾಡುತ್ತಾಳೆ. ನಾನು ಕ್ಯಾಂಪಿನ ಸುದ್ದಿ ಹೇಳುತ್ತೇನೆ. ಹೌದು ಎನ್ನಲು ಉಗುರಿನಿಂದ ಒಮ್ಮೆ ಬಡಿಯುತ್ತಾಳೆ, ಅಲ್ಲ ಎನ್ನಲು ಎರಡು ಸಲ. ನಗೆ ಬಂದರೆ ಬಳೆ ಅಲುಗಿಸುತ್ತಾಳೆ. ನನ್ನ ಹೊಸ ನಾಟಕದ ಎರಡನೆಯ ಅಂಕವನ್ನು ಓದಿ ಹೇಳಿದಾಗ ಎರಡು ಸಲ ಬಡಿದಳು. ಇಡೀ ಅಂಕ ಹರಿದುಹಾಕಿದೆ.

ಹೋದ ವಾರ ಖಾಜೇಸಾಬ ಪೆಟ್ಟಿಗೆ ಬಿಚ್ಚಿ ನೋಡಿ ಮತ್ತೆ ಮುಚ್ಚಿದ. ಬದಲಿಸಲು ಸಾಮಾನು ಮುಗಿದಿದೆ. ಅದಕ್ಕೇ ಈ ಪತ್ರ. ನಿಮ್ಮಲ್ಲಿ ಯಾರೋ ಒಬ್ಬರು ಮೇಜಿನ ಮುಂದೆ ಕೂತು, ಈ ಕಾಲದಲ್ಲಿ ಚಕ್ರ ತಿರುಗಿಸುವವರು ಯಾರಿದ್ದಾರೆ, ಟಕ್ ಟಕ್ ಎಣಿಸುವ ಬುದ್ಧಿಯನ್ನು ಪೆಟ್ಟಿಗೆಯಿಂದ ತೆಗೆದುಬಿಡೋಣ ಎಂದು ಹೇಳುವ ದಿನ ಬರುತ್ತದೆ. ಅವರ ಕೈ ಹಿಡಿದು ತಡೆಯಿರಿ. ಆ ಬುದ್ಧಿ ಇರಲಿ, ಅದಕ್ಕಿಂತ ಹೆಚ್ಚಿನ ಬುದ್ಧಿ ಅದಕ್ಕೆ ಬೇಡ. ಮಾಡಿದ್ದರಲ್ಲಿ ಕೆಲವನ್ನು ಮೇಣಬಟ್ಟೆಯಲ್ಲಿ ಸುತ್ತಿ, ಒಣ ಜಾಗ ನೋಡಿ, ನಮಗಾಗಿ ಎತ್ತಿಡಿ.

ನೀಲಗಂಗಾಳಿಗೆ ಈಗ ಐವತ್ತೆರಡು. ನಮ್ಮ ಮನೆತನದ ಹೆಂಗಸರು ತೊಂಬತ್ತು ದಾಟದೆ ಹೋದವರಲ್ಲ. ಜೋಪಾನ ಮಾಡಿದರೆ ಒಂದು ಪೆಟ್ಟಿಗೆಯಿಂದ ಹತ್ತು ವರ್ಷ ತಳ್ಳಬಹುದು ಎನ್ನುತ್ತಾನೆ ಖಾಜೇಸಾಬ. ಎರಡೂ ತುದಿಗೆ ಸೇರಿ ಎಂಟು ಬೇಕು. ಹತ್ತು ಇಟ್ಟಿರಿ, ನನ್ನ ತಂಗಿ ಹಟಮಾರಿ.