ಕಾರಿನ ಹಿಂದಿನ ಗಾಜಿಗೆ

ರೀ,

ಮೇಧಾಳನ್ನ ಹೊಸ ಯೂನಿವರ್ಸಿಟಿಗೆ ಬಿಡೋಕೆ ನಾನೇ ಡ್ರೈವ್ ಮಾಡ್ಕೊಂಡು ಹೊರಟೆ. ಅಪ್ಪ ಆಫೀಸಿಂದ ಬರ್ಲಿ ಅಂದೆ, ಅವಳು ಕಾಯೋಕೆ ಒಪ್ಪಲಿಲ್ಲ. ಹುಳಿ ಫ್ರಿಜ್‌ನಲ್ಲಿದೆ, ಅನ್ನ ಮಾಡ್ಕೊಳ್ಳಿ.

ನೀವು ನಿನ್ನೆ ತಂದ ಯೂನಿವರ್ಸಿಟಿ ಸ್ಟಿಕರ್ ನಿಮ್ಮ ಕಾರಿನ ಗಾಜಿಗೆ ಅಂಟಿಸ್ಬೇಡಿ. ಅದನ್ನ ನೋಡಿ ಅವಳು, “ಅಮ್ಮಾ, ನಾನು ಕೊಟ್ಟ ಹಳೇ ಕಾಲೇಜಿನ ಸ್ಟಿಕರ್ ಅಪ್ಪ ಯಾಕೆ ಹಾಕ್ಲಿಲ್ಲ?” ಅಂದಳು. ಕಡಿಮೆ ಫೀಸಿನ ಎರಡು ವರ್ಷದ ಕಮ್ಯುನಿಟಿ ಕಾಲೇಜಲ್ಲಿ ಸಾಹಿತ್ಯ, ಇತಿಹಾಸ ಅಂತ ಲಿಬರಲ್ ಆರ್ಟ್ಸ್ ಓದ್ತಾ, ಕೆಲಸ ಮಾಡಿ ಫೀಸು ಕಟ್ಟಿದ ಹುಡುಗಿ ರೀ ಅವಳು. ಅಲ್ಲಿ ಪಾಸಾಗಿ ಗಳಿಸಿದ ಒಂದು ಕ್ರೆಡಿಟ್ಟೂ ವೇಸ್ಟ್ ಆಗ್ಲಿಲ್ಲ, ಎಲ್ಲಾ ಈ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಯ್ತು. “ಕನ್ನಡ ಸಂಘದ ಪಾರ್ಕಿಂಗಲ್ಲಿ ಎಲ್ಲರೂ ನೋಡ್ತಾರೆ” ಅಂತ ನೀವು ಆ ಕಾಲೇಜಿನ ಸ್ಟಿಕರನ್ನ ಡ್ರಾಯರಿಗೆ ಹಾಕಿದಾಗ ನಾನೂ ಸುಮ್ಮನಿದ್ದೆ.

ಬೆಳಿಗ್ಗೆ ಅದನ್ನೇ ಕಾರಿಗೆ ಅಂಟಿಸೋಣ ಅಂತ ಡ್ರಾಯರ್ ತೆಗೆದೆ. ಇರಲಿಲ್ಲ. ತನ್ನ ಸೂಟ್‌ಕೇಸಿಗೆ ತಾನೇ ಅಂಟಿಸ್ಕೊಂಡಿದ್ದಾಳೆ.