ನಿಂತಿದ್ದ ಇಂಜಿನ್

ತಿಮಿಂಗಿಲ ಸಂಶೋಧನಾ ಕಚೇರಿಯ ನಿರ್ದೇಶಕರಿಗೆ,

ನಮಸ್ಕಾರ.

ನನ್ನ ಗಂಡನ ಸಾವಿನ ಬಗ್ಗೆ ನೀವು ಬರೆಸಿದ ವರದಿಯನ್ನು ನಿಮ್ಮ ಗುಮಾಸ್ತರು ಮನೆಗೆ ತಂದುಕೊಟ್ಟರು. ಒಪ್ಪಿದ್ದೇನೆಂದು ನಾನು ಸಹಿ ಹಾಕಬೇಕಂತೆ. ಸರಕು ಹಡಗು ಬಂದು ಬಡಿದಾಗ ದೋಣಿಯ ಇಂಜಿನ್ ನಿಂತಿತ್ತು, ಇದು ದೋಣಿ ನಡೆಸುವವನ ಅಜಾಗರೂಕತೆ ಎಂದು ನಾಲ್ಕನೆಯ ಪುಟದಲ್ಲಿದೆ. "ಅಂಥಾ ಮಂಜಲ್ಲಿ ಇಂಜಿನ್ ಆಫ್ ಮಾಡ್ಕೊಂಡು ಯಾರಾದ್ರೂ ಕೂರ್ತಾರೇನಮ್ಮಾ?" ಎಂದು ಗುಮಾಸ್ತರು ನನ್ನನ್ನೇ ಕೇಳಿದರು.

ಕೂರುತ್ತಾರೆ. ನನ್ನ ಗಂಡ ಹನ್ನೊಂದು ವರ್ಷ ಹಾಗೇ ಕೂತರು. ತಿಮಿಂಗಿಲದ ಧ್ವನಿ ಹಿಡಿಯಲು ನೀರಿಗೆ ಮೈಕು ಇಳಿಸಿದ ಮೇಲೆ ಇಪ್ಪತ್ತು ನಿಮಿಷ ಇಂಜಿನ್ ಹಾಕಕೂಡದು ಎಂಬ ನಿಮ್ಮ ಆದೇಶ, ನಿಮ್ಮದೇ ಸಹಿಯೊಂದಿಗೆ, ನಮ್ಮ ಅಡುಗೆಮನೆಯ ಬಾಗಿಲಿನ ಹಿಂದೆ ಇನ್ನೂ ಅಂಟಿಕೊಂಡಿದೆ. "ತಿಮಿಂಗಿಲ ಕೆಮ್ಮಿದ್ರೂ ಸಾಹೇಬ್ರಿಗೆ ಕೇಳಿಸ್ಬೇಕು ಕಣೇ, ನಾನು ಮಾತ್ರ ಸೀನೋ ಹಾಗಿಲ್ಲ" ಎಂದು ಅವರು ನಗುತ್ತಿದ್ದರು.

ಎರಡನೆಯ ಪುಟವನ್ನೂ ಓದಿದೆ. ಸಮುದ್ರದಿಂದ ಎತ್ತಿದ, ಅವರ ದೋಣಿಯ ರೆಕಾರ್ಡಿಂಗ್ ಪೆಟ್ಟಿಗೆಯಲ್ಲಿ ಆ ದಿನದ ಧ್ವನಿ ಬಹಳ ಸ್ಪಷ್ಟವಾಗಿತ್ತು, ಅದನ್ನು ಉಳಿದೆರಡು ದೋಣಿಗಳ ಧ್ವನಿಯೊಂದಿಗೆ ಹೋಲಿಸಿ ತಾಯಿ ತಿಮಿಂಗಿಲವೂ ಮರಿಯೂ ಇದ್ದ ಜಾಗವನ್ನು ಪತ್ತೆ ಹಚ್ಚಿದೆವು, ಇದು ಕಚೇರಿಯ ಹೆಮ್ಮೆ ಎಂದು ಬರೆದಿದ್ದೀರಿ.

ಇಂಜಿನ್ ಓಡುತ್ತಿದ್ದರೆ ಆ ಧ್ವನಿ ಸಿಗುತ್ತಿತ್ತೇ, ಸ್ವಾಮಿ?

ಅತ್ತೆಗೆ ಕಣ್ಣು ಕಾಣುವುದಿಲ್ಲ. ಮಗನ ಬಗ್ಗೆ ಏನು ಬರೆದಿದ್ದಾರೆ, ಓದಿ ಹೇಳು ಎಂದು ದಿನವೂ ಕೇಳುತ್ತಾರೆ. ಗುಮಾಸ್ತರು ಇನ್ನೂ ತಂದಿಲ್ಲ ಎಂದು ಸುಳ್ಳು ಹೇಳಿದ್ದೇನೆ.

ವರದಿಯನ್ನು ಸಹಿ ಹಾಕದೆ ಹಿಂದಿರುಗಿಸುತ್ತಿದ್ದೇನೆ. ಎರಡನೆಯ ಪುಟದ ಹೆಮ್ಮೆ ನಿಮಗೆ ಬೇಕಿದ್ದರೆ ನಾಲ್ಕನೆಯ ಪುಟದ ಅಜಾಗರೂಕತೆಯ ಸಾಲನ್ನು ಹೊಡೆದುಹಾಕಿ ಕಳುಹಿಸಿ. ಮೊದಲು ಅತ್ತೆಗೆ ಓದಿ ಹೇಳುತ್ತೇನೆ, ಆಮೇಲೆ ಸಹಿ ಹಾಕುತ್ತೇನೆ.

ಇಷ್ಟನ್ನೇ ಕೇಳುವ,
ನಿಮ್ಮ ಮೂರನೆಯ ದೋಣಿ ನಡೆಸುತ್ತಿದ್ದವರ ಹೆಂಡತಿ